ಪಿಎಸ್5ಗೆ ರಂಗೋಲಿ ಬೆಳಕು: ಎಸ್‌ಪಿ ರೋಡ್ ಅಲೆದು ಮಾಡಿದ್ದು

ಅಂತೂ ಮುಗಿಯಿತು. ಹಾಲ್‌ನಲ್ಲಿರುವ ವಿಡಿಯೊ ಗೇಮ್ ಕನ್ಸೋಲ್ ಪಿಎಸ್5ನ ಬಿಳಿ ಕವರ್‌ಗಳ ಸಂದಿನಿಂದ ಈಗ ಹಳದಿ, ಕೆಂಪು ಬೆಳಕು ಬರುತ್ತದೆ. ಪಕ್ಕದಲ್ಲಿ ಒಂದು ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಲಗೆ. ಅದರಲ್ಲಿ ಕೊರೆದಿರುವುದು ಅಮ್ಮ ಹಾಕಿಕೊಟ್ಟ ಚುಕ್ಕಿ ರಂಗೋಲಿ. ಮನೆಗೆ ಬಂದವರೆಲ್ಲ "ಎಲ್ಲಿ ಮಾಡಿಸಿದ್ರಿ, ಎಷ್ಟಾಯ್ತು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮಾಡುವ ಆಸೆ ಇದ್ದವರು ಓದಿಕೊಂಡು ಹೊರಡಿ, ಒಂದಷ್ಟು ಓಡಾಟ ಉಳಿಯುತ್ತದೆ.

ನನ್ನದು ಮೊದಲ ಮಾಡೆಲ್, ದಪ್ಪನೆಯದು, ಡಿಸ್ಕ್ ಹಾಕುವಂಥದ್ದು. 2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂತಲ್ಲ, ಆ ಸಾಲಿನದ್ದೇ. ವಾರಂಟಿ ಎಂದೋ ಮುಗಿದಿದೆ. ನಿಮ್ಮದಕ್ಕೆ ವಾರಂಟಿ ಇನ್ನೂ ಇದ್ದರೆ ಬಿಲ್ ತೆಗೆದು ತಾರೀಖು ನೋಡಿಕೊಳ್ಳಿ. ಬಿಳಿ ಕವರ್ ತೆಗೆಯುವುದೇನೂ ಕದ್ದು ಮಾಡುವ ಕೆಲಸವಲ್ಲ. ಸ್ಟೋರೇಜ್ ಹೆಚ್ಚಿಸುವ ಎಸ್‌ಎಸ್‌ಡಿ ಹಾಕಲು, ದೂಳು ತೆಗೆಯಲು ಅದನ್ನು ಹೇಗೆ ಬಿಚ್ಚಬೇಕು ಅಂತ ಕಂಪನಿಯೇ ತೋರಿಸಿಕೊಟ್ಟಿದೆ. ಅದರಾಚೆಗೆ ಸ್ಕ್ರೂಡ್ರೈವರ್ ಹಾಕಿದರೆ ಬೇರೆ ಕಥೆ. 2023ರಲ್ಲಿ ಬಂದ ಸ್ಲಿಮ್ ಮಾಡೆಲ್‌ನಲ್ಲಿ ಕವರ್ ನಾಲ್ಕು ತುಂಡು, ಒಳಗಿನ ಜಾಗದ ಅಳತೆಯೂ ಬೇರೆ. ನಾನು ಹೇಳುವ ಉದ್ದಗಳು ಅದಕ್ಕೆ ಹೊಂದುವುದಿಲ್ಲ.

ಮೊದಲು, ಕನ್ಸೋಲ್‌ಗಳಿಗೆ ಇಂಥ ಅಲಂಕಾರ ಮಾಡಿಕೊಡುವ ಒಂದು ಮಾಡ್ ಅಂಗಡಿಯಲ್ಲಿ ವಿಚಾರಿಸಿದೆ. ಮೂರೂವರೆ ಸಾವಿರ ಅಂದರು. ಮೆಷಿನ್ ಪೂರ್ತಿ ಬಿಚ್ಚಿ ಒಳಗಿನ ಫ್ಯಾನ್ ಲೈನ್‌ನಿಂದ ಕರೆಂಟ್ ಎಳೆದು ಲೈಟ್ ಕೊಡುತ್ತೇವೆ, ಹೊರಗೆ ಒಂದು ವೈರ್ ಕೂಡ ಕಾಣಿಸಲ್ಲ ಅಂತ ಆಸೆ ತೋರಿಸಿದರು. ಕೇಳಲು ಚೆನ್ನಾಗಿತ್ತು. ಆದರೆ ಪಿಎಸ್5ನ ಮುಖ್ಯ ಚಿಪ್‌ಗೂ ಅದರ ಬಿಸಿ ಹೀರುವ ಹೀಟ್‌ಸಿಂಕ್‌ಗೂ ನಡುವೆ ಇರುವುದು ಮಾಮೂಲಿ ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್. ಕರೆಂಟ್ ಹರಿಯುವ ದ್ರವ ಲೋಹ. ಬಿಚ್ಚುವಾಗ ಅದು ಸ್ವಲ್ಪ ಪಕ್ಕಕ್ಕೆ ಹರಿದು ಬೋರ್ಡ್ ಮೇಲೆ ಬಿದ್ದರೂ ಶಾರ್ಟ್. ಅಲಂಕಾರಕ್ಕೆ ಅಂತ ಹೋಗಿ ಐವತ್ತು ಸಾವಿರದ ಮೆಷಿನ್ ಕಳೆದುಕೊಳ್ಳುವುದೇ? ಅಲ್ಲೇ ತೀರ್ಮಾನ ಮಾಡಿದೆ: ಕನ್ಸೋಲ್‌ನ ಒಂದು ವೈರನ್ನೂ ಮುಟ್ಟಬಾರದು. ಕರೆಂಟ್ ಬೇಕಾದರೆ ಹೊರಗಿನ ಯುಎಸ್‌ಬಿ ಪೋರ್ಟ್‌ನಿಂದ ಮಾತ್ರ. ಬೇಡ ಅನಿಸಿದ ದಿನ ಕೀಳಿದರೆ ಮೆಷಿನ್ ಮೊದಲಿನ ಹಾಗೇ ಇರಬೇಕು.

ಈ ತೀರ್ಮಾನದಿಂದ ಬೇಕಾದ ಲೈಟ್ ಯಾವುದು ಅನ್ನುವುದೂ ಗೊತ್ತಾಯಿತು. ಯುಎಸ್‌ಬಿ ಕೊಡುವುದು 5 ವೋಲ್ಟ್, ಹಾಗಾಗಿ ಎಲ್‌ಇಡಿ ಪಟ್ಟಿಯೂ 5 ವೋಲ್ಟ್‌ನದ್ದೇ ಆಗಬೇಕು. ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಬೇಕು ಅಂದರೆ ಡಬ್ಲ್ಯುಎಸ್2812ಬಿ ಅನ್ನುವ ಪಟ್ಟಿ. ಒಂದು ಮೀಟರ್‌ಗೆ 60 ಎಲ್‌ಇಡಿ ಇರುವುದನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ನಾಳೆ ಬರುತ್ತದೆ ಅಂದಿದ್ದು ನಾಡಿದ್ದು ಆಯಿತು, ಆಮೇಲೆ ಮುಂದಿನ ವಾರ ಆಯಿತು. ಬಂದಾಗ ಡಬ್ಬಿಯ ಮೇಲೆ 5 ವೋಲ್ಟ್, ಒಳಗಿದ್ದದ್ದು 12 ವೋಲ್ಟ್!

ಹೇಗೆ ಗೊತ್ತಾಯಿತು ಅಂದರೆ, ಪಟ್ಟಿಯ ಮೇಲೇ ಬರೆದಿರುತ್ತದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿ. ತಾಮ್ರದ ಸಣ್ಣ ಚುಕ್ಕೆಗಳ ಪಕ್ಕದಲ್ಲಿ +5ವಿ ಅಥವಾ +12ವಿ ಅಂತ ಇರುತ್ತದೆ. ಇನ್ನೊಂದು ಗುರುತು, ಕತ್ತರಿ ಹಾಕುವ ಗೆರೆ. 5 ವೋಲ್ಟ್‌ನ ಈ ಪಟ್ಟಿಯಲ್ಲಿ ಪ್ರತಿ ಎಲ್‌ಇಡಿ ಆದಮೇಲೆ ಒಂದು ಗೆರೆ. 12 ವೋಲ್ಟ್‌ನದ್ದರಲ್ಲಿ ಸಾಮಾನ್ಯವಾಗಿ ಮೂರಕ್ಕೆ ಒಂದು. ಡಬ್ಬಿಯ ಮೇಲಿನ ಅಕ್ಷರ ನಂಬಬೇಡಿ.

ವಾಪಸ್ ಕೊಡಲು ಹೋದರೆ ಅದೇ ಒಂದು ರಾಮಾಯಣ. ಬಿಲ್ ಕಾಪಿ ಕಳಿಸಿ ಅಂದರು, ಕಳಿಸಿದೆ. ಡಬ್ಬಿಯ ಮೇಲಿನ ಲೇಬಲ್ ಫೋಟೊ ಅಂದರು, ಅದೂ ಆಯಿತು. ಆಮೇಲೆ "ಡಬ್ಬಿ ಬಿಚ್ಚುವ ವಿಡಿಯೊ ಇದೆಯಾ?" ಪುಣ್ಯಕ್ಕೆ ತಂಗಿ ಸುಮ್ನೆ ತಮಾಷೆಗೆ ಫೋನ್‌ನಲ್ಲಿ ತೆಗೆದಿದ್ದಳು. ಇಲ್ಲದಿದ್ದರೆ ದುಡ್ಡಿಗೆ ಪಂಗನಾಮ. ಇಂಥ ಬಿಡಿಭಾಗ ತರಿಸುವವರು ಕತ್ತರಿ ಹಾಕುವ ಮೊದಲೇ ಕ್ಯಾಮೆರಾ ಆನ್ ಮಾಡಿಕೊಳ್ಳಿ. ಕೊರಿಯರ್ ಚೀಟಿ, ತೂಕದ ಸ್ಟಿಕ್ಕರ್ ಎರಡೂ ವಿಡಿಯೊದಲ್ಲಿ ಕಾಣಬೇಕು.

ರಿಫಂಡ್‌ಗೆ ಕಾಯುತ್ತಾ ಕೂರುವ ತಾಳ್ಮೆ ನನಗಿರಲಿಲ್ಲ. ಬನಶಂಕರಿಯಲ್ಲಿ ಗ್ರೀನ್ ಲೈನ್ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ ಎಸ್‌ಪಿ ರೋಡ್‌ಗೆ ನಡೆದೆ. ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಭಾನುವಾರವೂ ಬೇಡ, ಜಾಸ್ತಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೆಳಗ್ಗೆ ಬೇಗ ಹೋಗಿಯೂ ಪ್ರಯೋಜನವಿಲ್ಲ, ಶೆಟರ್ ಏಳುವುದೇ ಹತ್ತೂವರೆ, ಹನ್ನೊಂದಕ್ಕೆ.

ಎಲ್‌ಇಡಿ ಪಟ್ಟಿ ಸುಲಭವಾಗಿ ಸಿಕ್ಕಿತು. ಮೀಟರ್‌ಗೆ 320 ರೂಪಾಯಿ. ಸಿಲಿಕಾನ್ ಹೊದಿಸಿದ ವಾಟರ್‌ಪ್ರೂಫ್ ಪಟ್ಟಿ ತೋರಿಸಿ "ಇದು ಒಳ್ಳೇದು ಸಾರ್" ಅಂದರು. ನಮಗೆ ಅದು ಬೇಡ. ದಪ್ಪ ಜಾಸ್ತಿ, ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಟಿವಿ ಪಕ್ಕ ಮಳೆಯೇನೂ ಬರಲ್ಲವಲ್ಲ. ಬರೀ ಪಟ್ಟಿ ಕೇಳಿ ತೆಗೆದುಕೊಳ್ಳಿ. ಲೈಟ್ ನಡೆಸಲು ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್, 260 ರೂಪಾಯಿ.

ಆಟ ಆಡಿಸಿದ್ದು ಒಂದು ಸಣ್ಣ ಐಸಿ, ಅಂದರೆ ಚಿಪ್. ವಿಷಯ ಇಷ್ಟೇ: ಬೋರ್ಡ್ ಮಾತಾಡುವುದು 3.3 ವೋಲ್ಟ್‌ನಲ್ಲಿ. ಪಟ್ಟಿ ಓಡುವುದು 5 ವೋಲ್ಟ್‌ನಲ್ಲಿ, ಅದಕ್ಕೆ ಸಿಗ್ನಲ್ ಸರಿಯಾಗಿ ಕೇಳಿಸಬೇಕಾದರೆ ಲೆಕ್ಕದ ಪ್ರಕಾರ 3.5 ವೋಲ್ಟ್ ಬೇಕು. ವೈರ್ ತೀರಾ ಚಿಕ್ಕದಿದ್ದರೆ ಹೇಗೋ ನಡೆಯುತ್ತದೆ. ಇಲ್ಲವಾದರೆ ಲೈಟ್ ತನ್ನಷ್ಟಕ್ಕೆ ಮಿಣಮಿಣ ಅನ್ನುತ್ತದೆ, ಮೊದಲ ಎಲ್‌ಇಡಿ ಹುಚ್ಚುಹುಚ್ಚಾಗಿ ಬಣ್ಣ ಬದಲಿಸುತ್ತದೆ. ಇದಕ್ಕೆ ಮದ್ದು, 3.3ರ ಸಿಗ್ನಲ್ಲನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಅನ್ನುವ ಐಸಿ. ಅಂಗಡಿಯವನು 74ಎಚ್‌ಸಿ125 ತೆಗೆದು ಮುಂದಿಟ್ಟ. "ಟಿ ಇಲ್ವಲ್ಲ" ಅಂದೆ. "ಎರಡೂ ಒಂದೇ ಸಾರ್, ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ." ಒಂದೇ ಅಲ್ಲ. ಟಿ ಇರುವುದು 2 ವೋಲ್ಟ್ ಬಂದರೂ ಸಿಗ್ನಲ್ ಅಂತ ಒಪ್ಪಿಕೊಳ್ಳುತ್ತದೆ. ಟಿ ಇಲ್ಲದ್ದು ಮತ್ತೆ ಅದೇ 3.5 ಕೇಳುತ್ತದೆ, ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಪಕ್ಕದ ಅಂಗಡಿಯಲ್ಲೂ ಇಲ್ಲ, ಎದುರಿನಲ್ಲೂ ಇಲ್ಲ. ಒಬ್ಬರು "ಸ್ಟಾಕ್ ಬರುತ್ತೆ, ಫೋನ್ ಮಾಡಿ" ಅಂದರು. ಕೊನೆಗೆ ಒಳಗಿನ ಒಂದು ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲದ ಅಂಗಡಿ. ಗೋಡೆಯ ತುಂಬಾ ಬೆರಳುದ್ದದ ಡ್ರಾಯರ್‌ಗಳು, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದ ನಂಬರ್, ಅರ್ಧ ಅಳಿಸಿಹೋಗಿದೆ. ಕೂತಿದ್ದ ಹಿರಿಯರು ನಂಬರ್ ಕೇಳಿ ತಲೆ ಎತ್ತದೆ ಕೈ ಮಾತ್ರ ಮೇಲೆ ಚಾಚಿದರು. ಪ್ಲಾಸ್ಟಿಕ್ ಕೊಳವೆಯೊಂದನ್ನು ಎಳೆದು, ಓರೆ ಮಾಡಿ ತಟ್ಟಿ ಒಂದು ಐಸಿ ಅಂಗೈಗೆ ಬೀಳಿಸಿಕೊಂಡರು. ಭೂತಗನ್ನಡಿ ನನ್ನ ಕೈಗೆ ಕೊಟ್ಟು "ನೀವೇ ಓದ್ಕೊಳ್ಳಿ" ಅಂದರು. ಟಿ ಇತ್ತು. 35 ರೂಪಾಯಿ. ಆ ಕ್ಷಣದ ಖುಷಿ ಪಿಎಸ್5 ಕೊಂಡ ದಿನಕ್ಕಿಂತ ಕಮ್ಮಿ ಇರಲಿಲ್ಲ.

ಸಿಗಲೇ ಇಲ್ಲ ಅಂದರೆ ಒಂದು ಉಪಾಯ ಅವರೇ ಹೇಳಿದರು. ಪಟ್ಟಿಯಿಂದ ಒಂದು ಎಲ್‌ಇಡಿ ಕತ್ತರಿಸಿ ಮೊದಲಿಗೆ ಇಟ್ಟು, ಅದಕ್ಕೆ ಹೋಗುವ ಪ್ಲಸ್ ವೈರ್‌ಗೆ ಮಾತ್ರ ಒಂದು 1ಎನ್4007 ಡಯೋಡ್ ಹಾಕುವುದು. ಆ ಎಲ್‌ಇಡಿಗೆ ಸಿಗುವ ವೋಲ್ಟೇಜ್ ಸುಮಾರು 0.7 ಇಳಿಯುತ್ತದೆ, ಆಗ ಅದಕ್ಕೆ 3.3ರ ಸಿಗ್ನಲ್ ಸಾಕಾಗುತ್ತದೆ. ಅದು ತನ್ನ ಮುಂದಿನದಕ್ಕೆ ಜೋರಾಗಿ ದಾಟಿಸುತ್ತದೆ. ಒಂದೆರಡು ರೂಪಾಯಿಯ ಖರ್ಚು.

ಈಗ ಕರೆಂಟಿನ ಲೆಕ್ಕ. ದಯವಿಟ್ಟು ಇದನ್ನು ದಾಟಿಸಿ ಓದಬೇಡಿ. ಈ ಎಲ್‌ಇಡಿ ಒಂದೊಂದೂ ಪೂರ್ತಿ ಬಿಳಿ ಬೆಳಕು ಕೊಟ್ಟರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ನಾನು ಬಳಸಿದ್ದು 50 ಎಲ್‌ಇಡಿ, ಕವರ್‌ಗಳ ಒಳಗೆ 35, ಹಲಗೆಗೆ 15. ಅಂದರೆ 3 ಆಂಪ್. ಪಿಎಸ್5ನ ಹಿಂದಿನ ಎರಡು ಯುಎಸ್‌ಬಿ ಪೋರ್ಟ್ ಸೂಪರ್‌ಸ್ಪೀಡ್, ಆ ವರ್ಗಕ್ಕೆ ನಿಯಮದ ಮಿತಿ 900 ಮಿಲಿಆಂಪ್. ಮುಂದಿನ ದೊಡ್ಡ ಪೋರ್ಟ್ ಹಳೆಯ ಹೈಸ್ಪೀಡ್, ಅದಕ್ಕೆ 500. ಹಾಗಾಗಿ ಹಿಂದಿನದಕ್ಕೇ ಸಿಕ್ಕಿಸಬೇಕು, ಬೆಳಕಿಗೂ ಕಡಿವಾಣ ಬೇಕು. ಬೋರ್ಡ್‌ಗೆ ಡಬ್ಲ್ಯುಎಲ್‌ಇಡಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಅದರಲ್ಲೇ ಮಿಲಿಆಂಪ್ ಮಿತಿ ಇಡಬಹುದು. ಮೊದಲೇ 850 ಅಂತ ಇರುತ್ತದೆ, ನಾನು 600ಕ್ಕೆ ಇಳಿಸಿದೆ. ಇದು ಸಾಫ್ಟ್‌ವೇರ್ ಹಾಕುವ ಅಂದಾಜು, ಫ್ಯೂಸ್ ಅಲ್ಲ. ಅದಕ್ಕೇ ಒಂದು ಯುಎಸ್‌ಬಿ ಮೀಟರ್ ತಂದು ನಡುವೆ ಸಿಕ್ಕಿಸಿ ನೋಡಿದೆ. ಹಳದಿ, ಕೆಂಪಿಗೆ ನೀಲಿ ಎಲ್‌ಇಡಿ ಉರಿಯುವುದೇ ಇಲ್ಲವಲ್ಲ, ನನಗೆ ಬೇಕಾದ ಬೆಳಕಿಗೆ 400ರ ಆಸುಪಾಸಿನಲ್ಲೇ ನಿಂತಿತು.

ಕರೆಂಟಿನ ಏರಿಳಿತ ತಡೆಯಲು ಹಾಕುವ ಕೆಪಾಸಿಟರ್ ವಿಷಯವೂ ಹೇಳಿಬಿಡುತ್ತೇನೆ. ಎಲ್ಲ ವಿಡಿಯೊಗಳಲ್ಲೂ 1000 ಮೈಕ್ರೊಫ್ಯಾರಡ್ ಹಾಕಿ ಅನ್ನುತ್ತಾರೆ. ಅಡಾಪ್ಟರ್‌ನಿಂದ ಕರೆಂಟ್ ಕೊಡುವವರಿಗೆ ಅದು ಸರಿ. ಯುಎಸ್‌ಬಿ ಪೋರ್ಟ್‌ಗೆ ಅಷ್ಟು ದೊಡ್ಡದು ಬೇಡ, ಸಿಕ್ಕಿಸಿದ ತಕ್ಷಣ ಒಮ್ಮೆಗೇ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಯುಎಸ್‌ಬಿ ನಿಯಮ ಒಪ್ಪುವುದು 10 ಮೈಕ್ರೊಫ್ಯಾರಡ್‌ವರೆಗೆ ಮಾತ್ರ. ನಾನು ಹಾಕಲೇ ಇಲ್ಲ, ಏನೂ ತೊಂದರೆ ಕಾಣಲಿಲ್ಲ.

ಇನ್ನು ಹಲಗೆ. ಅಮ್ಮನಿಗೆ ಮೊದಲು ಇದೆಲ್ಲ "ಕರೆಂಟ್ ದಂಡ" ಅನಿಸಿತ್ತು. ರಂಗೋಲಿ ಹಾಕಿಕೊಡು ಅಂದಾಗ ಮಾತ್ರ ಕನ್ನಡಕ ಹಾಕಿಕೊಂಡು ಕೂತರು. 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟು, ಸುತ್ತ ಎಳೆ ಎಳೆದುಕೊಟ್ಟರು. ಕಾಗದದ ಫೋಟೊ ತೆಗೆದು ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇಸರ್ ಕಟಿಂಗ್ ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗ ಕಂಪ್ಯೂಟರ್‌ನಲ್ಲಿ ತಾನೇ ಟ್ರೇಸ್ ಮಾಡಿಕೊಂಡ. ಫೋಟೊದಿಂದ ಟ್ರೇಸ್ ಮಾಡಿದರೆ ಪೆನ್ನಿನ ಗೆರೆಯ ಎರಡೂ ಅಂಚಿಗೆ ಒಂದೊಂದು ಗೆರೆ ಬರುತ್ತದೆ, ಅದೂ ಅಂಕುಡೊಂಕಾಗಿ. ಸ್ಯಾಂಪಲ್ ಫೋಟೊ ನೋಡಿ ನನಗೆ ಬೇಜಾರಾಯಿತು. ಅಮ್ಮನಿಗೆ ತೋರಿಸಿದರೆ ಅವರು "ಎರಡೆಳೆ ಆಗಿದ್ದು ಒಳ್ಳೇದೇ ಆಯ್ತು ಬಿಡು, ಒಂದೆಳೆ ಶುಭಕ್ಕೆ ಹಾಕಲ್ಲ. ಆದ್ರೆ ಕೈ ನಡುಗಿದ ಹಾಗಿದೆ, ಅದು ಸರಿ ಮಾಡ್ಸು" ಅಂದರು. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಕೂತು ನಾನೇ ಎರಡೆಳೆಯಾಗಿ, ನುಣುಪಾಗಿ ಮತ್ತೆ ಎಳೆದು, ಲೇಸರ್ ಕಟಿಂಗ್‌ಗೆ ಬೇಕಾದ ಡಿಎಕ್ಸ್‌ಎಫ್ ಫೈಲ್ ಮಾಡಿಕೊಟ್ಟೆ. ಫೈಲ್ ನೀವೇ ಕೊಟ್ಟರೆ ಡಿಸೈನ್ ಚಾರ್ಜ್ ಅಂತ ಕೇಳುವ ಇನ್ನೂರು ಮುನ್ನೂರೂ ಉಳಿಯುತ್ತದೆ.

ಅಕ್ರಿಲಿಕ್‌ನಲ್ಲೂ ಜಾತಿ ಇದೆ. ಎಕ್ಸ್‌ಟ್ರೂಡೆಡ್ ಶೀಟ್‌ನಲ್ಲಿ ಲೇಸರ್ ಕೊರೆದದ್ದು ಪಾರದರ್ಶಕವಾಗಿಯೇ ಉಳಿಯುತ್ತದೆ, ಬೆಳಕು ಬಿಟ್ಟರೂ ರಂಗೋಲಿ ಎದ್ದು ಕಾಣಲ್ಲ. ಕಾಸ್ಟ್ ಶೀಟ್‌ನಲ್ಲಿ ಕೊರೆದದ್ದು ಮಂಜು ಕೂತಂತೆ ಬೆಳ್ಳಗಾಗುತ್ತದೆ. ನಮಗೆ ಬೇಕಾದ್ದು ಅದೇ. ಅವರ ಹತ್ತಿರ ಅಂದು ಕಾಸ್ಟ್ ಇರಲಿಲ್ಲ, ತರಿಸಲು ಮತ್ತೆ ಕಾಯಬೇಕಾಯಿತು. 5 ಮಿಲಿಮೀಟರ್ ದಪ್ಪ, 25 ಸೆಂಟಿಮೀಟರ್ ಅಗಲ, ಶೀಟ್ ಸೇರಿ 750 ರೂಪಾಯಿ. ಕೊರೆದ ಮುಖ ಹಿಂದಕ್ಕೆ ಬರುವ ಹಾಗೆ ನಿಲ್ಲಿಸಿ, ಕೆಳಗಿನ ಅಂಚಿಗೆ ಪಟ್ಟಿ ಕೊಟ್ಟರೆ ಬೆಳಕು ಹಲಗೆಯೊಳಗೇ ಹರಿದು ಕೊರೆದ ಕಡೆ ಮಾತ್ರ ಹೊರಗೆ ಬರುತ್ತದೆ.

ಹಲಗೆಯನ್ನು ಕನ್ಸೋಲ್‌ನ ಹಿಂದೆ ನಿಲ್ಲಿಸಬೇಕು ಅನ್ನುವುದು ಮೊದಲ ಪ್ಲಾನ್. ಅಂಟಿಸುವ ಮೊದಲು ಒಂದು ಗಂಟೆ ಆಟ ಆಡಿ ಹಿಂದೆ ಕೈ ಇಟ್ಟು ನೋಡಿದೆ. ಬಿಸಿ ಗಾಳಿ ಪೂರ್ತಿ ಬರುವುದು ಅಲ್ಲಿಂದಲೇ. ಗೋಡೆಯಿಂದಲೇ ಕನಿಷ್ಠ 10 ಸೆಂಟಿಮೀಟರ್ ದೂರ ಇಡಿ ಅನ್ನುತ್ತಾರೆ, ಇನ್ನು ಅಲ್ಲಿ ಹಲಗೆ ನಿಲ್ಲಿಸುವುದೇ? ಪಕ್ಕಕ್ಕೆ ಸರಿಸಿದೆ.

ಕವರ್ ಬಿಚ್ಚುವ ದಿನ ನಿಜವಾಗಿ ಕೈ ಬೆವರಿತು. ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ, ಎಲ್ಲ ಕೇಬಲ್ ಕಿತ್ತು, ಸ್ಟ್ಯಾಂಡ್ ತೆಗೆದು, ಹಾಸಿಗೆ ಮೇಲೆ ಬಟ್ಟೆ ಹಾಸಿ ಮಲಗಿಸಿದೆ. ಮೂಲೆಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಜಾರಿಸಬೇಕು. ಟಕ್ ಅಂತ ಜೋರಾಗಿ ಸದ್ದಾಗುತ್ತದೆ. ಮುರಿಯಿತು ಅಂತ ಎದೆ ಧಸಕ್ ಅನ್ನುತ್ತದೆ, ಆದರೆ ಅದು ಕೊಕ್ಕೆ ಬಿಟ್ಟುಕೊಳ್ಳುವ ಸದ್ದು ಅಷ್ಟೇ. ಕವರ್‌ನ ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ತ್ರಿಕೋನ, ವೃತ್ತ, ಎಕ್ಸ್, ಚೌಕ, ಕಂಟ್ರೋಲರ್‌ನ ನಾಲ್ಕು ಗುರುತುಗಳು ಸಾಸಿವೆಗಿಂತ ಸಣ್ಣದಾಗಿ ಮೈತುಂಬಾ ಉಬ್ಬಿಕೊಂಡಿವೆ.

ಒಳಗೆ ಕಾಣುವ ದೊಡ್ಡ ಫ್ಯಾನ್ 120 ಮಿಲಿಮೀಟರ್ ಅಗಲದ್ದು, ಎರಡೂ ಬದಿಯಿಂದ ಗಾಳಿ ಎಳೆಯುತ್ತದೆ. ಆ ಗಾಳಿ ಬರುವುದು ಕವರ್‌ಗೂ ಮೈಗೂ ನಡುವಿನ ಮುಂದಿನ ಸಂದಿನಿಂದ. ತುಂಬಾ ಜನ ಪಟ್ಟಿ ಅಂಟಿಸುವುದು ಸರಿಯಾಗಿ ಅದೇ ಸಂದಿನಲ್ಲಿ, ಯಾಕೆಂದರೆ ಅಲ್ಲಿ ಚೆನ್ನಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಅದು ಮೆಷಿನ್‌ನ ಮೂಗು ಮುಚ್ಚುವ ಕೆಲಸ. ಒಂದು ಕಡೆ 17, ಇನ್ನೊಂದು ಕಡೆ 18 ಎಲ್‌ಇಡಿಯ ಪಟ್ಟಿಯನ್ನು ನಾನು ಕವರ್‌ನ ಹಿಂದಿನ ಅಂಚಿನ ಒಳಬದಿಗೆ, ಗಾಳಿಯ ದಾರಿ ಬಿಟ್ಟು ಅಂಟಿಸಿದೆ. ಎಲ್‌ಇಡಿಯ ಚುಕ್ಕೆ ಕಣ್ಣಿಗೆ ಕುಕ್ಕುವುದಿಲ್ಲ, ಬೆಳಕು ಬಿಳಿ ಪ್ಲಾಸ್ಟಿಕ್‌ಗೆ ಬಡಿದು ಮೆದುವಾಗಿ ಬರುತ್ತದೆ. ಪಟ್ಟಿಯ ಮೇಲೆ ಬಾಣದ ಗುರುತಿದೆ, ಸಿಗ್ನಲ್ ಹೋಗಬೇಕಾದ್ದು ಬಾಣದ ದಿಕ್ಕಿಗೇ. ಸೋಲ್ಡರ್ (ಬೆಸುಗೆ) ಕೆಲಸವನ್ನೆಲ್ಲ ಟೇಬಲ್ ಮೇಲೆ ಮುಗಿಸಿ, ಹೊರಗೆ ಉರಿಸಿ ನೋಡಿ, ಆಮೇಲೆ ಕನ್ಸೋಲ್ ಹತ್ತಿರ ತನ್ನಿ. ಒಂದು ಹನಿ ಸೀಸ ಫ್ಯಾನ್‌ನೊಳಗೆ ಬಿದ್ದರೂ ಕಷ್ಟ.

ಪಟ್ಟಿಯ ಹಿಂದಿನ ಗಮ್ ಸೆಖೆಗೆ ಬಿಟ್ಟುಕೊಂಡಿತು. ಮಾರ್ಚ್ ತಿಂಗಳ ಬಿಸಿಲು, ಮೇಲೆ ಮೆಷಿನ್ ಬಿಸಿ. ಸ್ಪಿರಿಟ್‌ನಿಂದ ಜಾಗ ಒರೆಸಿ, ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ಹಾಕಿದ ಮೇಲೆ ಅಲ್ಲಾಡಿಲ್ಲ. ಮೊದಲೇ ಅದನ್ನು ತೆಗೆದುಕೊಳ್ಳಿ.

ಸಾಫ್ಟ್‌ವೇರ್ ಹಾಕುವುದು ಹತ್ತು ನಿಮಿಷದ ಕೆಲಸ. ಲ್ಯಾಪ್‌ಟಾಪ್‌ನ ಕ್ರೋಮ್‌ನಿಂದಲೇ ಆಗುತ್ತದೆ, ಬರೀ ಚಾರ್ಜಿಂಗ್ ಕೇಬಲ್ ಆಗಬಾರದು, ಡೇಟಾ ಹೋಗುವಂಥದ್ದಿರಬೇಕು. ಬೋರ್ಡ್ ತನ್ನದೇ ವೈಫೈ ಬಿಡುತ್ತದೆ, ಫೋನ್‌ನಿಂದ ಅದಕ್ಕೆ ಸೇರಿ ಬ್ರೌಸರ್‌ನಲ್ಲಿ 4.3.2.1 ಹೊಡೆದರೆ ಪುಟ ತೆರೆಯುತ್ತದೆ. ಅಲ್ಲಿ ಮನೆಯ ವೈಫೈ ಹೆಸರು ಕೊಟ್ಟರೆ ಏನು ಮಾಡಿದರೂ ಸೇರಲಿಲ್ಲ. ಈ ಬೋರ್ಡ್‌ಗೆ ಬರುವುದು 2.4 ಗಿಗಾಹರ್ಟ್ಸ್ ಮಾತ್ರ. ಫೈಬರ್ ಹಾಕಲು ಬಂದಿದ್ದ ಹುಡುಗ "ನಿಮ್ಮ ಬಿಲ್ಡಿಂಗಲ್ಲಿ ಅದು ಸ್ಲೋ" ಅಂತ ಅದನ್ನು ಆಫ್ ಮಾಡಿ ಬರೀ 5 ಗಿಗಾಹರ್ಟ್ಸ್ ಬಿಟ್ಟು ಹೋಗಿದ್ದ. ರೂಟರ್ ಪಾಸ್‌ವರ್ಡ್ ಕೇಳಲು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಅವರ ಸಂಗೀತ ಕೇಳಿದ್ದೇ ಕೇಳಿದ್ದು. ಈ ಇಡೀ ಪ್ರಸಂಗದಲ್ಲಿ ನನಗೆ ತೀರಾ ಸಿಟ್ಟು ಬಂದದ್ದು ಆಗಲೇ.

ವೈಫೈ ಆಯಿತು, ಬಣ್ಣ ಹಾಕಿದರೆ ಕೆಂಪು ಕೇಳಿದ ಕಡೆ ಹಸಿರು! ಹಳದಿ ಮಾತ್ರ ಹೆಚ್ಚುಕಮ್ಮಿ ಹಳದಿಯೇ, ಸ್ವಲ್ಪ ನಿಂಬೆಕಾಯಿ ಕಡೆಗೆ ವಾಲಿತ್ತು. ಕಾರಣ ಸರಳ. ಈ ಜಾತಿಯ ಪಟ್ಟಿಗಳು ಸಾಮಾನ್ಯವಾಗಿ ಹಸಿರು, ಕೆಂಪು, ನೀಲಿ ಅನ್ನುವ ಕ್ರಮದಲ್ಲಿ ಬಣ್ಣ ಓದುತ್ತವೆ, ಸಾಫ್ಟ್‌ವೇರ್ ಕೂಡ ಹಾಗೇ ಅಂದುಕೊಂಡಿರುತ್ತದೆ. ನನಗೆ ಸಿಕ್ಕಿದ್ದು ಕೆಂಪನ್ನು ಮೊದಲು ಓದುವ ಪಟ್ಟಿ. ಹಳದಿ ಅಂದರೆ ಕೆಂಪು, ಹಸಿರು ಎರಡೂ ಸೇರಿದ್ದಲ್ವಾ, ಅದಕ್ಕೇ ಅದರಲ್ಲಿ ತಪ್ಪು ಅಷ್ಟಾಗಿ ಕಾಣಲಿಲ್ಲ. ಸೆಟ್ಟಿಂಗ್‌ನಲ್ಲಿ ಕಲರ್ ಆರ್ಡರ್ ಬದಲಿಸಿದರೆ ಮುಗಿಯಿತು. ಬೇಕಾದ ಬಣ್ಣವನ್ನು ಪ್ರಿಸೆಟ್ ಆಗಿ ಉಳಿಸಿ, ಬೂಟ್ ಆದಾಗ ಅದೇ ಬರಲಿ ಅಂತ ಹೇಳಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಿತ್ತಳೆ ಬಣ್ಣಕ್ಕೆ ಹೋಗಿ ಕೂರುತ್ತದೆ.

ಆ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು "ಏನೋ ಅದು ಹಾಲ್‌ನಲ್ಲಿ ದೀಪ ಉರೀತಿದೆ" ಅಂದರು. ಪಿಎಸ್5 ರೆಸ್ಟ್ ಮೋಡ್‌ನಲ್ಲಿದ್ದಾಗಲೂ ಯುಎಸ್‌ಬಿಗೆ ಕರೆಂಟ್ ಕೊಡಬಲ್ಲದು. ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಸೇವಿಂಗ್ ಒಳಗೆ ರೆಸ್ಟ್ ಮೋಡ್‌ನ ಆಯ್ಕೆಗಳಿಗೆ ಹೋಗಿ ಯುಎಸ್‌ಬಿ ಪವರ್ ಆಫ್ ಮಾಡಬೇಕು. ಮೂರು ಗಂಟೆ ಮಾತ್ರ ಅನ್ನುವ ಆಯ್ಕೆಯೂ ಇದೆ. ಪೂರ್ತಿ ಆಫ್ ಮಾಡಿದರೆ ರಾತ್ರಿ ಕಂಟ್ರೋಲರ್ ಕೂಡ ಅಲ್ಲಿಂದ ಚಾರ್ಜ್ ಆಗಲ್ಲ. ನಾನು ಆಫ್ ಮಾಡಿ, ಕಂಟ್ರೋಲರ್‌ಗೆ ಫೋನಿನ ಹಳೇ ಚಾರ್ಜರ್ ಇಟ್ಟುಕೊಂಡಿದ್ದೇನೆ.

ಖರ್ಚು: ಪಟ್ಟಿ 320, ಬೋರ್ಡ್ 260, ಐಸಿ 35, ಹಲಗೆ 750, ಯುಎಸ್‌ಬಿ ಮೀಟರ್ 350, ಟೇಪ್, ವೈರ್, ಕೇಬಲ್, ಸ್ಲೀವ್ ಎಲ್ಲ ಸೇರಿ 300ರ ಹತ್ತಿರ. ಎರಡು ಸಾವಿರದ ಆಸುಪಾಸು. ಸೋಲ್ಡ್ರಾನ್ ಕಂಪನಿಯ 25 ವ್ಯಾಟ್ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮನೆಯಲ್ಲಿದ್ದವು, ಇಲ್ಲದವರು ಅದನ್ನೂ ಸೇರಿಸಿಕೊಳ್ಳಿ. ಬರೀ ಒಂದು ಬಣ್ಣದ ಬೆಳಕು ಸಾಕು ಅನ್ನುವವರಿಗೆ ರಿಮೋಟ್ ಸಮೇತ 5 ವೋಲ್ಟ್ ಯುಎಸ್‌ಬಿ ಪಟ್ಟಿ ಮುನ್ನೂರು ನಾನೂರಕ್ಕೆ ಸಿಗುತ್ತದೆ, ಬೋರ್ಡೂ ಬೇಡ, ಐಸಿಯೂ ಬೇಡ. ರಿಮೋಟ್‌ನ ಕಣ್ಣು ಕವರ್‌ನ ಹೊರಗೆ ಇಣುಕುವ ಹಾಗಿಡಿ, ಒಳಗೆ ಹೋದರೆ ಕೆಲಸ ಮಾಡಲ್ಲ.

ಆ 12 ವೋಲ್ಟ್ ಪಟ್ಟಿಯ ರಿಫಂಡ್ ಮೊನ್ನೆ ಬಂತು, ಡೆಲಿವರಿ ಚಾರ್ಜ್ ಹಿಡಿದುಕೊಂಡು.